ನೀರು ಒಂದೇ, ಒಕ್ಕಲು ಬೇರೆ

ನವಿ ಮುಂಬೈ ಬೇಲಾಪುರದ ದಿವಾಳೆ ಗಾವ್ ಪನ್ವೇಲ್ ಖಾರಿಯ ದಡದಲ್ಲಿರುವ ಕೋಲಿ ಮೀನುಗಾರರ ಹಳೆಯ ಊರು. ಸಿಬಿಡಿಯ ಎತ್ತರದ ಕಚೇರಿಗಳು ಅದರ ಬೆನ್ನಿಗೇ ಬಂದು ನಿಂತಿದ್ದರೂ ಅಲ್ಲಿ ಈಗಲೂ ಬಲೆ ಒಣಗುತ್ತದೆ, ಮೀನು ಪೇಟೆ ನಡೆಯುತ್ತದೆ. ಅಲ್ಲಿಗೆ ಹೋದಾಗಲೆಲ್ಲ ಎರಡು ಬುಟ್ಟಿಗಳ ಮುಂದೆ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಒಂದರಲ್ಲಿ ಬೊಂಬಿಲ್: ಮೆತ್ತನೆ ಮೈ, ಮೈತುಂಬ ನೀರು, ಅಗಲ ಬಾಯಿ, ಸೂಜಿಯಂಥ ಹಲ್ಲು. ಇನ್ನೊಂದರಲ್ಲಿ ಬಂಗುಡೆ. ಉಡುಪಿ, ಕುಂದಾಪುರ, ಕಾರವಾರದ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತ ನಮ್ಮವರ ಕೈ ಬಂಗುಡೆಯ ಬುಟ್ಟಿಗೇ ಮೊದಲು ಹೋಗುತ್ತದೆ. ಮಾರುವ ಮಾವಶಿ ಮಾತ್ರ ಬೊಂಬಿಲ್ ಕಡೆ ಕೈ ತೋರಿಸಿ, "ಇದು ನಮ್ಮ ನೀರಿನದು, ಬಾಂಗ್ಡಾ ಕೆಳಗಿನಿಂದ ಬಂದದ್ದು" ಅನ್ನುತ್ತಾಳೆ. ಕೆಳಗಿನಿಂದ ಅಂದರೆ ದಕ್ಷಿಣದಿಂದ.

ಆ ಮಾತು ನನ್ನ ತಲೆಯಲ್ಲಿ ಬಹಳ ದಿನ ಕೂತಿತ್ತು. ಇರುವುದು ಒಂದೇ ಅರಬ್ಬೀ ಸಮುದ್ರ. ದಿವಾಳೆಯ ಜೆಟ್ಟಿಯಿಂದ ಮಲ್ಪೆಯ ದಕ್ಕೆಯವರೆಗೆ ನಡುವೆ ಒಂದು ಗೋಡೆಯಿಲ್ಲ, ಬೇಲಿಯಿಲ್ಲ. ಹಾಗಿದ್ದರೂ ಒಂದು ಮೀನು ಈ ನೀರಿನದು, ಇನ್ನೊಂದು ಆ ನೀರಿನದು ಆಗುವುದು ಹೇಗೆ? ಎರಡೂ ಕಡೆ ಸಿಗುವ ಮೀನಾದರೆ ಇಲ್ಲಿಯದೂ ಅಲ್ಲಿಯದೂ ಒಂದೇ ಮನೆತನವೋ, ಹೆಸರು ಮಾತ್ರ ಒಂದೋ? ಸಮುದ್ರ ಜೀವಿಗಳ ವಂಶವಾಹಿಗಳನ್ನು ಓದುವ ವಿಜ್ಞಾನಿಗಳು ಕೇಳುವುದೂ ಇದನ್ನೇ. ಅವರು ಕಂಡುಕೊಂಡ ಉತ್ತರದ ತಿರುಳು ಇಷ್ಟು: ಸಮುದ್ರದಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ಮರಿ ಎಷ್ಟು ದಿನ ತೇಲುತ್ತದೆ, ಯಾವ ತಿಂಗಳಲ್ಲಿ ತೇಲುತ್ತದೆ, ತೇಲಿ ಹೋದ ಕಡೆ ಬದುಕಲು ನೆಲೆ ಇದೆಯೇ ಎಂಬ ಮೂರರಿಂದ ಅಳೆಯಬೇಕು.

ಹುಟ್ಟಿದ ಮೊದಲ ವಾರಗಳು

ಮೀನಿನ ವಲಸೆ ಅಂದ ಕೂಡಲೇ ದೊಡ್ಡ ಮೀನು ಈಜಿಕೊಂಡು ಹೋಗುವ ಚಿತ್ರ ನಮ್ಮ ಕಣ್ಣಿಗೆ ಬರುತ್ತದೆ. ಆದರೆ ಹೆಚ್ಚಿನ ಕಡಲ ಜೀವಿಗಳ ದೊಡ್ಡ ಪ್ರಯಾಣ ಮುಗಿಯುವುದು ಅವು ಕಣ್ಣಿಗೆ ಕಾಣುವಷ್ಟು ಬೆಳೆಯುವ ಮೊದಲೇ. ಮೀನು, ಸಿಗಡಿ, ಏಡಿ, ಮರುವಾಯಿ ಎಲ್ಲವೂ ಮೊಟ್ಟೆಯನ್ನೋ ಮೊಟ್ಟೆಯೊಡೆದ ಲಾರ್ವಾವನ್ನೋ ನೀರಿಗೆ ಬಿಡುತ್ತವೆ. ಸಾಸಿವೆ ಕಾಳಿಗಿಂತ ಚಿಕ್ಕದಾದ ಆ ಲಾರ್ವಾ ನೀರು ಹೋದತ್ತ ಹೋಗುತ್ತದೆ. ಮರುವಾಯಿ ತನ್ನ ಇಡೀ ಆಯುಷ್ಯವನ್ನು ಒಂದೇ ಮರಳುದಿಬ್ಬದಲ್ಲಿ ಕಳೆಯುತ್ತದೆ ನಿಜ, ಆದರೆ ಹುಟ್ಟಿದ ಮೊದಲ ಎರಡು ವಾರ ಅದೂ ಅಲೆಮಾರಿ.

ಒಂದು ಸರಳ ಲೆಕ್ಕ ಹಾಕೋಣ. ಕರಾವಳಿಯ ಪ್ರವಾಹ ಸೆಕೆಂಡಿಗೆ 20 ಸೆಂಟಿಮೀಟರ್ ವೇಗದಲ್ಲಿದೆ ಎಂದುಕೊಳ್ಳಿ. ಮನುಷ್ಯ ನಿಧಾನವಾಗಿ ನಡೆಯುವುದಕ್ಕಿಂತಲೂ ಇದು ಕಡಿಮೆ. ಆದರೆ ನೀರು ರಾತ್ರಿ ಮಲಗುವುದಿಲ್ಲ. ದಿನಕ್ಕೆ ಸುಮಾರು 17 ಕಿ.ಮೀ. ಆಯಿತು. ಎರಡು ವಾರ ತೇಲುವ ಮರುವಾಯಿಯ ಮರಿ ಮುಂಬೈಯಿಂದ ಹೊರಟರೆ ಹೆಚ್ಚೆಂದರೆ ರತ್ನಾಗಿರಿಯ ಆಸುಪಾಸು ಮುಟ್ಟೀತು. ನಲವತ್ತು ದಿನ ತೇಲುವ ಮರಿಗೆ ಮಂಗಳೂರು ಹತ್ತಿರವಾಗುತ್ತದೆ. ತಿಂಗಳುಗಟ್ಟಲೆ ತೇಲುವ ಕಲ್ಲುಸಿಗಡಿಯ, ಅಂದರೆ ಲಾಬ್‌ಸ್ಟರಿನ, ಎಲೆಯಂಥ ಚಪ್ಪಟೆ ಲಾರ್ವಾಕ್ಕೆ ನಡುಸಮುದ್ರವೂ ದಾರಿಯೇ. ಇನ್ನು ಮರಿಯನ್ನೇ ಹೆರುವ ತೊರಕೆ, ಶಾರ್ಕುಗಳಿಗೆ ಈ ಉಚಿತ ಪ್ರಯಾಣ ಇಲ್ಲವೇ ಇಲ್ಲ. ಅವು ಈಜಿದಷ್ಟೇ ದೂರ.

ಪ್ರವಾಹವಾದರೂ ಒಂದೇ ದಿಕ್ಕಿನದಲ್ಲ. ನಮ್ಮ ಕಡಲಿನ ವಿಶೇಷ ಇರುವುದು ಇಲ್ಲಿಯೇ. ಕೊಂಕಣ ರೈಲ್ವೆಯ ಕೇಂದ್ರ ಕಚೇರಿ ಇರುವುದು ಬೇಲಾಪುರದಲ್ಲಿ. ರೋಹಾದಿಂದ ಮಂಗಳೂರು ಬಳಿಯ ತೋಕೂರಿನ ತನಕ ಸುಮಾರು 740 ಕಿ.ಮೀ. ಹಳಿಯನ್ನು ಅದು ನಡೆಸುತ್ತದೆ. ಆ ಹಳಿಗೆ ಸಮಾನಾಂತರವಾಗಿ, ಪಶ್ಚಿಮಕ್ಕೆ, ನೀರಿನೊಳಗೆ ಇನ್ನೊಂದು ದಾರಿ ಇದೆ. ಅದಕ್ಕೆ ಪಶ್ಚಿಮ ಭಾರತ ಕರಾವಳಿ ಪ್ರವಾಹ ಎಂದು ಹೆಸರು. ಮಳೆಗಾಲದಲ್ಲಿ ಅದು ಮುಂಬೈ ಕಡೆಯಿಂದ ಕೇರಳದತ್ತ ಇಳಿಯುತ್ತದೆ. ನವೆಂಬರಿನಿಂದ ಫೆಬ್ರವರಿಯ ತನಕ ತಿರುಗಿ ಉತ್ತರಕ್ಕೆ ಏರುತ್ತದೆ. ವರ್ಷದೊಳಗೇ ಹೀಗೆ ಪೂರ್ತಿ ದಿಕ್ಕು ಬದಲಿಸುವ ಪ್ರವಾಹ ಜಗತ್ತಿನ ಹೆಚ್ಚಿನ ಕರಾವಳಿಗಳಲ್ಲಿ ಇಲ್ಲ. ಅದು ಮುಂಗಾರು ನಮಗೆ ಕೊಟ್ಟದ್ದು. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಸತೀಶ್ ಶೆಟ್ಯೆ, ಡಿ. ಶಂಕರ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ಎನ್. ವಿನಯಚಂದ್ರನ್ ಮೊದಲಾದವರು ದಶಕಗಳ ಕಾಲ ಇದನ್ನು ಬಿಡಿಸಿ ಬಿಡಿಸಿ ಅರ್ಥ ಮಾಡಿಕೊಂಡಿದ್ದಾರೆ. ಅವರ ಕೆಲಸದಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಒಂದಿದೆ. ಕೊಂಕಣದ ನೀರನ್ನು ದೂಡುವುದು ಕೊಂಕಣದ ಗಾಳಿ ಮಾತ್ರ ಅಲ್ಲ. ಬಂಗಾಳ ಕೊಲ್ಲಿಯಲ್ಲಿ ಬೀಸಿದ ಗಾಳಿ ಎಬ್ಬಿಸಿದ ಅಗಾಧ ಉದ್ದದ ಅಲೆಗಳು ದಡಕ್ಕೆ ಒರಗಿಕೊಂಡು, ಶ್ರೀಲಂಕಾ ಸುತ್ತಿ, ನಮ್ಮ ಕರಾವಳಿಯನ್ನು ಏರಿ ಬಂದು ಇಲ್ಲಿನ ಪ್ರವಾಹವನ್ನು ಬದಲಿಸುತ್ತವೆ.

ಹಾಗಾಗಿ ಜುಲೈಯಲ್ಲಿ ಹುಟ್ಟಿದ ಲಾರ್ವಾಕ್ಕೂ ಡಿಸೆಂಬರಿನಲ್ಲಿ ಹುಟ್ಟಿದ ಲಾರ್ವಾಕ್ಕೂ ಹುಟ್ಟೂರು ಒಂದೇ ಆದರೂ ಹಣೆಬರಹ ಬೇರೆ. ಬೂತಾಯಿ ಮುಖ್ಯವಾಗಿ ಮೊಟ್ಟೆ ಇಡುವುದು ಮಳೆಗಾಲದಲ್ಲಿ. ಅದರ ಮರಿಗಳಿಗೆ ಸಿಗುವುದು ದಕ್ಷಿಣಕ್ಕೆ ಹೋಗುವ ನೀರು. ಅಳಿವೆಯ ಹಲವು ಚಿಪ್ಪುಜೀವಿಗಳು ಮಳೆ ನಿಂತು, ನೀರಿನ ಉಪ್ಪು ಮತ್ತೆ ಏರುವಾಗ ಮರಿ ಬಿಡುತ್ತವೆ. ಅವುಗಳ ಕಾಲಕ್ಕೆ ನೀರು ಉತ್ತರಕ್ಕೆ ತಿರುಗುತ್ತಿರುತ್ತದೆ. ಒಂದೇ ಕರಾವಳಿಯ ಎರಡು ಜೀವಿಗಳ ವಂಶನಕ್ಷೆ ಎರಡು ಬೇರೆ ದಿಕ್ಕಿಗೆ ವಾಲಲು ಇಷ್ಟು ಸಾಕು.

ಖಾರಿಯ ಒಳಗಿನ ಆಟವೇ ಬೇರೆ. ಠಾಣೆ ಖಾರಿ ಸುಮಾರು 26 ಕಿ.ಮೀ. ಉದ್ದ, ಬಾಯಿಯಲ್ಲಿ ಅಗಲ, ಠಾಣೆಯ ಕಡೆ ಹೋದಂತೆ ಇಕ್ಕಟ್ಟು. ಅಲ್ಲಿ ಉಲ್ಹಾಸ್ ನದಿಯ ಜೊತೆ ಒಂದು ಕಿರಿದಾದ ಕೊಂಡಿ. ಡೊಂಬಿವಲಿ, ಕಲ್ಯಾಣದವರು ದಿನವೂ ಕಾಣುವ ನೀರು ಆ ಉಲ್ಹಾಸ್‌ನದ್ದು. ಮಂಗಳೂರಿನಲ್ಲಿ ಭರತ ಇಳಿತಗಳ ನಡುವೆ ನೀರಿನ ಮಟ್ಟದ ವ್ಯತ್ಯಾಸ ಒಂದೂವರೆ ಮೀಟರಿನಷ್ಟು. ಮುಂಬೈಯಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಹೊತ್ತಿಗೆ ಅದು ನಾಲ್ಕೈದು ಮೀಟರ್. ಇಷ್ಟು ದೊಡ್ಡ ಇಳಿತದಲ್ಲಿ ಲಾರ್ವಾಗಳೆಲ್ಲ ಹೊರಗೆ ಕೊಚ್ಚಿಹೋಗಬೇಕಲ್ಲ? ಹೋಗುವುದಿಲ್ಲ. ಹಲವು ಏಡಿ, ಸಿಗಡಿಗಳ ಮರಿಗಳು ನೀರು ಏರುವಾಗ ಮೇಲಕ್ಕೆ ಬಂದು ಅದರ ಜೊತೆ ಒಳಗೆ ಸಾಗುತ್ತವೆ, ಇಳಿಯುವಾಗ ತಳಕ್ಕೆ ಮುಳುಗಿ ಕೂರುತ್ತವೆ. ತಳದಲ್ಲಿ ನೀರಿನ ಓಟ ಕಡಿಮೆ. ಅಡ್ಡಡ್ಡ ಈಜಲು ಬಾರದ ಜೀವಿ ಮೇಲೆ ಕೆಳಗೆ ಹೋಗುವುದೊಂದನ್ನೇ ಕಲಿತು ತನಗೆ ಬೇಕಾದ ಕಡೆ ತಲುಪುತ್ತದೆ. ಕೆಸರು ಏಡಿಯ ತಾಯಿ ಮರಿ ಬಿಡಲು ಖಾರಿ ದಾಟಿ ಸಮುದ್ರಕ್ಕೆ ಹೋಗುತ್ತಾಳೆ. ಕೆಲವು ವಾರಗಳ ನಂತರ ಮರಿಗಳು ಕಾಂಡ್ಲಾ ಕಾಡಿನ ಕೆಸರು ಹುಡುಕಿಕೊಂಡು ಭರತದ ನೀರಿನ ಜೊತೆ ಯಾವುದಾದರೂ ಖಾರಿಯೊಳಗೆ ನುಗ್ಗುತ್ತವೆ. ತಾಯಿಯ ಖಾರಿಯೇ ಆಗಬೇಕೆಂದಿಲ್ಲ. ಧರಮ್‌ತರ್, ಬಾಣಕೋಟ್, ಜಯಗಡ, ಆಮೇಲೆ ಕಾಳಿ, ಅಘನಾಶಿನಿ, ಗಂಗೊಳ್ಳಿ. ಈ ಅಳಿವೆಗಳು ಒಂದರ ಮುಂದೊಂದು ನಿಲ್ದಾಣಗಳಂತೆ ಇವೆ. ಒಂದು ತಲೆಮಾರು ಒಂದು ನಿಲ್ದಾಣ ದಾಟಿದರೂ ಕೆಲವು ನೂರು ತಲೆಮಾರಿನಲ್ಲಿ ವಂಶವಾಹಿ ಇಡೀ ಕರಾವಳಿಯನ್ನು ನಡೆದು ಮುಗಿಸುತ್ತದೆ. ನಡುವೆ ನಾಲ್ಕು ಅಳಿವೆಗಳ ಕಾಂಡ್ಲಾ ಕಡಿದರೆ ಆ ನಡಿಗೆ ನಿಲ್ಲುತ್ತದೆ. 2022ರಲ್ಲಿ ಠಾಣೆ ಖಾರಿಯೂ 2024ರಲ್ಲಿ ಅಘನಾಶಿನಿ ಅಳಿವೆಯೂ ಜಾಗತಿಕ ಮಹತ್ವದ ಜೌಗುನೆಲಗಳೆಂದು ರಾಮ್‌ಸಾರ್ ತಾಣಗಳಾದಾಗ ನನಗೆ ಸಂತೋಷವಾದದ್ದು ಇದಕ್ಕಾಗಿ: ಒಂದೇ ದಾರಿಯ ಎರಡು ನಿಲ್ದಾಣಗಳು ಉಳಿದವು.

ಬಳಿ ಮತ್ತು ಬಲೆಯ ಕಣ್ಣು

ಇದೆಲ್ಲ ನಿಜವೋ ಸುಳ್ಳೋ ಎಂದು ನೋಡುವುದು ಹೇಗೆ? ಸಂಶೋಧಕರು ಬೇರೆ ಬೇರೆ ಬಂದರುಗಳಿಂದ ಮೀನಿನ ರೆಕ್ಕೆಯ ಚೂರೋ ಸ್ನಾಯುವಿನ ತುಣುಕೋ ತೆಗೆದು ಆಲ್ಕೋಹಾಲಿನಲ್ಲಿ ಇಡುತ್ತಾರೆ. ಪ್ರಯೋಗಾಲಯದಲ್ಲಿ ಅದರ ಡಿಎನ್‌ಎ ಬೇರ್ಪಡಿಸಿ ಅಕ್ಷರ ಅಕ್ಷರ ಹೋಲಿಸುತ್ತಾರೆ. ಮೊದಲು ನೋಡುವುದು ಹೆಚ್ಚಾಗಿ ಮೈಟೊಕಾಂಡ್ರಿಯಾದ ಡಿಎನ್‌ಎ. ಅದು ತಾಯಿಯಿಂದ ಮಾತ್ರ ಬರುತ್ತದೆ. ಕರಾವಳಿಯ ಅಳಿಯಸಂತಾನ ಕಟ್ಟಿನಲ್ಲಿ ಬಳಿ, ಅಂದರೆ ಕುಲ, ತಾಯಿಯಿಂದ ಮಕ್ಕಳಿಗೆ ಬರುವುದನ್ನು ಕಂಡವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ಮಗನಿಗೂ ಬಳಿ ಇರುತ್ತದೆ, ಆದರೆ ಅವನ ಮಕ್ಕಳಿಗೆ ಅದು ಹೋಗುವುದಿಲ್ಲ. ಮೈಟೊಕಾಂಡ್ರಿಯಾ ಮೀನಿನ ಬಳಿ. ಕೋಶಕೇಂದ್ರದ ಡಿಎನ್‌ಎ ತಂದೆ ತಾಯಿ ಇಬ್ಬರದೂ ಸೇರಿದ್ದು. ಎರಡನ್ನೂ ಓದಿದರೆ ಗಂಡು ಎಷ್ಟು ತಿರುಗುತ್ತದೆ, ಹೆಣ್ಣು ಎಷ್ಟು ತಿರುಗುತ್ತದೆ ಎಂಬುದೂ ಗೊತ್ತಾಗುತ್ತದೆ.

ಎರಡು ಗುಂಪುಗಳ ನಡುವಿನ ಅಂತರವನ್ನು ಸೊನ್ನೆಯಿಂದ ಒಂದರವರೆಗಿನ ಅಂಕಿಯಲ್ಲಿ ಹೇಳುತ್ತಾರೆ. ಸೊನ್ನೆ ಅಂದರೆ ಪೂರ್ತಿ ಬೆರೆತಿವೆ. ಒಂದು ಅಂದರೆ ಏನೂ ಕೊಡುಕೊಳೆ ಇಲ್ಲ. ಕಡಲ ಮೀನುಗಳಲ್ಲಿ ಈ ಅಂಕಿ ಬಹಳ ಸಲ ಸೊನ್ನೆಯ ಪಕ್ಕದಲ್ಲೇ ಇರುತ್ತದೆ. ಕಾರಣ ಒಂದು ಹಳೆಯ ಲೆಕ್ಕದಲ್ಲಿದೆ. ಅಮೆರಿಕದ ತಳಿವಿಜ್ಞಾನಿ ಸೀವಾಲ್ ರೈಟ್ ತೋರಿಸಿದಂತೆ, ತಲೆಮಾರಿಗೆ ಒಂದೆರಡು ಜೀವಿಗಳು ಆಚೀಚೆ ಹೋಗಿ ಸಂಸಾರ ಹೂಡಿದರೂ ಎರಡು ಗುಂಪುಗಳು ತೀರಾ ಬೇರೆಯಾಗಲಾರವು. ಒಂದು ಸೀಮೆಯಿಂದ ಸೊಸೆಯಾಗಿ ಬಂದವಳು ತನ್ನ ನಾಲ್ಕು ಮಾತನ್ನು ಮಕ್ಕಳ ನಾಲಿಗೆಗೆ ದಾಟಿಸಿದಂತೆ. ಕುಂದಾಪುರದ ಕನ್ನಡ ಧಾರವಾಡದ ಕನ್ನಡದಿಂದ ಅಷ್ಟು ದೂರ ಸರಿದದ್ದು ನಡುವೆ ಘಟ್ಟ ಇದ್ದು ಹೋಗಿಬರುವವರು ಕಡಿಮೆಯಾದ್ದರಿಂದ. ಪೂರ್ತಿ ಬೇರೆ ಭಾಷೆಯಾಗದೆ ಉಳಿದದ್ದು ಹೋಗಿಬರುವುದು ಎಂದೂ ನಿಲ್ಲದ್ದರಿಂದ.

ಆದರೆ ಇಲ್ಲಿ ಒಂದು ಎಚ್ಚರ ಬೇಕು. ವ್ಯತ್ಯಾಸ ಕಾಣಲಿಲ್ಲ ಅಂದ ಮಾತ್ರಕ್ಕೆ ವ್ಯತ್ಯಾಸ ಇಲ್ಲ ಎಂದಲ್ಲ. ಬಲೆಯ ಕಣ್ಣು ದೊಡ್ಡದಾದರೆ ಸಣ್ಣ ಮೀನು ಜಾರುತ್ತದೆ. 1994ರಲ್ಲಿ ಗೋವಾದ ಅದೇ ಸಾಗರವಿಜ್ಞಾನ ಸಂಸ್ಥೆಯ ಮರಿಯಾ ಮೆನೆಜಿಸ್ ಪಶ್ಚಿಮ ಕರಾವಳಿಯ ಬೂತಾಯಿಗಳನ್ನು ಆಗಿನ ಪ್ರೋಟೀನ್ ವಿಧಾನದಿಂದ ಹೋಲಿಸಿದಾಗ ಹೆಚ್ಚಿನ ಭೇದ ಕಾಣಲಿಲ್ಲ. ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಸಂಧ್ಯಾ ಸುಕುಮಾರನ್ ಮತ್ತು ಸಂಗಡಿಗರು ಇತ್ತೀಚಿನ ವರ್ಷಗಳಲ್ಲಿ ಜೀನೋಮಿನ ಸಾವಿರಾರು ಬಿಂದುಗಳನ್ನು ನೋಡುವ ಸಣ್ಣ ಕಣ್ಣಿನ ಬಲೆ ಬೀಸಿದಾಗ ಒಮಾನಿನ ಕಡೆಯ ಬೂತಾಯಿ ಭಾರತದ ಬೂತಾಯಿಯಿಂದ ಬೇರೆಯಾಗಿ ನಿಂತಿತು. ನೀರಿನ ಶಾಖ, ಆಹಾರದ ಲಭ್ಯತೆಗೆ ಹೊಂದಿಕೊಂಡ ಗುರುತುಗಳೂ ಕಂಡವು. 2023ರಲ್ಲಿ ಅದೇ ಸಂಸ್ಥೆ ಬೂತಾಯಿಯ ಇಡೀ ಜೀನೋಮನ್ನು ಪ್ರಕಟಿಸಿತು. ನಮ್ಮ ಬಡವರ ತಟ್ಟೆಯ ಮೀನಿಗೆ ಅಷ್ಟು ಗಮನ ಸಿಕ್ಕಿದ್ದು ಹೆಮ್ಮೆಯ ವಿಷಯ.

ಗೋವಾದಲ್ಲೇ ನಡೆದ ಎರಡು ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಇನ್ನೂ ಕುತೂಹಲಕರ. ಎರಡೂ ಟ್ಯೂನಾ ಮೀನುಗಳ ಮೇಲಿನವು, ನಮ್ಮ ಕರಾವಳಿಯವರು ಕೇದರ ಎಂದು ಕರೆಯುವ ಜಾತಿಯವು. ದಡದ ಹತ್ತಿರ ತಿರುಗುವ ಚಿಕ್ಕ ಟ್ಯೂನಾ ಭಾರತದ ಕರಾವಳಿಯುದ್ದಕ್ಕೂ ಒಂದೇ ಗುಂಪು ಎಂದು 2012ರ ವರದಿ ಹೇಳಿತು. ಸಾಗರಗಳನ್ನೇ ದಾಟಬಲ್ಲ ಹಳದಿ ರೆಕ್ಕೆಯ ದೊಡ್ಡ ಟ್ಯೂನಾದಲ್ಲಿ ಮೂರು ಗುಂಪುಗಳಿವೆ ಎಂದು 2013ರ ವರದಿ ಹೇಳಿತು. ದೂರ ಈಜಬಲ್ಲದ್ದು ಹೆಚ್ಚು ಬೆರೆಯಬೇಕು ಎಂಬ ನಮ್ಮ ಊಹೆಗೆ ಇದು ಉಲ್ಟಾ. ಈಜುವ ಶಕ್ತಿ ಒಂದು, ಮೊಟ್ಟೆ ಇಡಲು ಎಲ್ಲಿಗೆ ಮರಳುತ್ತದೆ ಎಂಬುದು ಇನ್ನೊಂದು.

ಬೊಂಬಿಲ್ ಯಾಕೆ ಮಲ್ಪೆಯಲ್ಲಿ ಕಡಿಮೆ

ಈಗ ಮಾವಶಿಯ ಮಾತಿಗೆ ಬರುತ್ತೇನೆ. ಬೊಂಬಿಲ್ ಭಾರತದಲ್ಲಿ ಎರಡು ತುಂಡಾಗಿ ಹಂಚಿಹೋಗಿದೆ. ಸೌರಾಷ್ಟ್ರದಿಂದ ಮುಂಬೈ ದಾಟಿ ರತ್ನಾಗಿರಿಯ ಕಡೆಯವರೆಗೆ ಒಂದು ತುಂಡು. ಬಂಗಾಳ, ಒಡಿಶಾ, ಆಂಧ್ರದ ಕಡೆ ಇನ್ನೊಂದು. ನಡುವಿನ ಕರ್ನಾಟಕ, ಕೇರಳ, ತಮಿಳುನಾಡಿನ ನೀರಿನಲ್ಲಿ ಅದು ಅಪರೂಪ. ಬಾಂಬೆ ಡಕ್ ಎಂದು ಮುಂಬೈಯ ಹೆಸರು ಹೊತ್ತ ಈ ಮೀನನ್ನು ವಿಜ್ಞಾನಕ್ಕೆ ಮೊದಲು ಪರಿಚಯಿಸಿದ್ದು ಮುಂಬೈಯಿಂದಲ್ಲ, ಗಂಗೆಯ ಮುಖದಿಂದ, 1822ರಲ್ಲಿ. ಪರಿಚಯಿಸಿದವನು ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್. ಟಿಪ್ಪುವಿನ ಪತನದ ನಂತರ 1800-01ರಲ್ಲಿ ಮೈಸೂರು, ಕೆನರಾ ಸೀಮೆಗಳಲ್ಲಿ ಊರೂರು ತಿರುಗಿ ಬರೆದ ಆ ಬುಕಾನನ್ನೇ ಇವನು.

ಬೊಂಬಿಲ್ ಹೀಗೆ ಎರಡು ತುಂಡಾದ ಬಿರುಕಿಗೆ ಕಾರಣ ಭೂಗೋಳ. ಮುಂಬೈ ಆಚೆ ಸಮುದ್ರದ ತಳ ಸುಮಾರು 300 ಕಿ.ಮೀ. ದೂರದವರೆಗೆ ಆಳವಿಲ್ಲದ ಹಾಸು. ಕೊಚ್ಚಿಯ ಹತ್ತಿರ ಅದು ಅರವತ್ತರ ಸುಮಾರಿಗೆ ಕಿರಿದಾಗುತ್ತದೆ. ಉತ್ತರದಲ್ಲಿ ನರ್ಮದೆ, ತಾಪಿಗಳ ಹೂಳು, ಖಂಭಾತ್ ಕೊಲ್ಲಿಯ ದೈತ್ಯ ಭರತ, ಕಲಕಿದ ಮಣ್ಣುನೀರು. ಬಂಗಾಳದಲ್ಲೂ ಅದೇ: ಹೂಳು, ನದಿನೀರು, ಕೆಸರು. ನಡುವಿನ ದಕ್ಷಿಣದಲ್ಲಿ ಮರಳು ಮತ್ತು ಬಂಡೆ. ಮಳೆಗಾಲದಲ್ಲಿ ಆಳದ ತಣ್ಣೀರು ಮೇಲೆದ್ದು ಬಂದು ಪಾಚಿ ಕೊಬ್ಬಿ, ಬೂತಾಯಿ ಬಂಗುಡೆಗಳ ರಾಜ್ಯ. ಚಳಿಗಾಲದಲ್ಲಿ ಬಂಗಾಳ ಕೊಲ್ಲಿಯ ಉಪ್ಪು ಕಡಿಮೆಯ ನೀರು ಶ್ರೀಲಂಕಾ ಸುತ್ತಿ ಅರಬ್ಬೀ ಸಮುದ್ರದ ಆಗ್ನೇಯ ಮೂಲೆಗೆ ಬರುತ್ತದೆ. ಅದರ ಜೊತೆ ಅಲ್ಲಿನ ಬೊಂಬಿಲ್ ಮರಿ ಬಂದರೂ ಇಳಿಯಲು ಒಗ್ಗುವ ಊರು ಸಿಗುವುದಿಲ್ಲ. ಬಸ್ಸಿದೆ, ನಿಲ್ದಾಣವಿಲ್ಲ. ಪಾಕ್ ಜಲಸಂಧಿಯ ಒಳದಾರಿಯಂತೂ ರಾಮಸೇತುವಿನ ಮರಳುದಿಬ್ಬಗಳಿಂದ ತೀರಾ ಆಳ ಕಡಿಮೆ. ಹೀಗೆ ಗೋಡೆ ಇಲ್ಲದ ಕಡೆಯೂ ಗೋಡೆ ಆಗುತ್ತದೆ.

ದಿವಾಳೆಯ ಇನ್ನೊಂದು ಬುಟ್ಟಿಯನ್ನೂ ಇಲ್ಲಿ ನೆನೆಯಬೇಕು. ಮರಾಠಿಯಲ್ಲಿ ಮುಶಿ ಎನ್ನುವ, ಮೊಳದುದ್ದದ ಸಣ್ಣ ಶಾರ್ಕ್ ಮುಂಬೈ ಪೇಟೆಯಲ್ಲಿ ಸಾಮಾನ್ಯ. ಮೊನಚು ಮೂತಿಯ ಈ ಶಾರ್ಕ್ ಅರಬ್ಬೀ ಸಮುದ್ರದಿಂದ ಜಪಾನಿನವರೆಗೆ ಒಂದೇ ಜಾತಿ ಎಂದು ಬಹುಕಾಲ ನಂಬಿದ್ದರು. ಅದು ಮರಿಯನ್ನೇ ಹೆರುತ್ತದೆ, ದಡ ಬಿಟ್ಟು ದೂರ ಹೋಗುವುದಿಲ್ಲ. ಪೂರ್ವದ ಕಡೆಯದು ಬೇರೆಯೇ ಜಾತಿ ಎಂದು 2010ರಲ್ಲಿ ಗುರುತಿಸಲಾಯಿತು. ತೇಲುವ ಮರಿ ಇಲ್ಲದ ಪ್ರಾಣಿ ಒಂದೇ ಹೆಸರಿನಡಿ ಎಷ್ಟು ಕಾಲ ಎರಡು ಮನೆ ಮಾಡಿಕೊಂಡಿತ್ತು ನೋಡಿ.

ಬತ್ತಿದ ಸಮುದ್ರದ ನೆನಪು

ಇಂದಿನ ನಕ್ಷೆ ಮಾತ್ರ ನೋಡಿದರೆ ಅರ್ಧ ಕತೆ ತಪ್ಪಿಹೋಗುತ್ತದೆ. ಸುಮಾರು 20,000 ವರ್ಷಗಳ ಹಿಂದೆ, ಕೊನೆಯ ಹಿಮಯುಗದ ತುದಿಯಲ್ಲಿ, ಸಮುದ್ರದ ಮಟ್ಟ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಮುಂಬೈ ಆಚೆಯ ಆ ಅಗಲ ಹಾಸಿನ ಬಹುಭಾಗ ಒಣನೆಲ. ಠಾಣೆ ಖಾರಿ ಒಂದು ಕಣಿವೆ. ಬೇಲಾಪುರದಿಂದ ಸಮುದ್ರ ನೋಡಲು ದಿನಗಟ್ಟಲೆ ಪಶ್ಚಿಮಕ್ಕೆ ನಡೆಯಬೇಕಿತ್ತು. ಮಂಜು ಕರಗಿ ನೀರು ಏರಿ ಈಗಿನ ಮಟ್ಟದ ಹತ್ತಿರ ಬಂದು ಏಳೆಂಟು ಸಾವಿರ ವರ್ಷ ಆಗಿರಬಹುದು. ಅಂದರೆ ಇಲ್ಲಿನ ಏಡಿ, ಸಿಗಡಿ, ಮರುವಾಯಿಗಳೆಲ್ಲ ಈ ಖಾರಿಗೆ ಹೊಸ ಒಕ್ಕಲು. ನೆರೆಯ ಅಳಿವೆಗಳ ನಡುವೆ ವ್ಯತ್ಯಾಸ ಕಡಿಮೆ ಕಂಡರೆ ಅವು ಈಗಲೂ ಬೆರೆಯುತ್ತಿವೆ ಎಂದೇ ತೀರ್ಮಾನಿಸುವಂತಿಲ್ಲ. ಒಂದೇ ಮನೆಯಿಂದ ಮೊನ್ನೆ ಮೊನ್ನೆ ಪಾಲಾದವೂ ಇರಬಹುದು.

ಅದೇ ಹಿಮಯುಗದಲ್ಲಿ ಸುಮಾತ್ರಾ, ಜಾವಾ, ಬೋರ್ನಿಯೋಗಳು ಏಷ್ಯಾಕ್ಕೆ ಅಂಟಿ ಹಿಂದೂ ಮಹಾಸಾಗರ, ಪೆಸಿಫಿಕ್‌ಗಳ ನಡುವಿನ ಬಾಗಿಲು ಇಕ್ಕಟ್ಟಾಗಿತ್ತು. 2000ನೇ ಇಸವಿಯಲ್ಲಿ ಪಾಲ್ ಬಾರ್ಬರ್ ಮತ್ತು ಜೊತೆಗಾರರು ಇಂಡೋನೇಷ್ಯಾದ ಒಂದು ಮ್ಯಾಂಟಿಸ್ ಸಿಗಡಿಯಲ್ಲಿ ಅದರ ಗುರುತು ಕಂಡರು: ಜಾವಾ ಸಮುದ್ರದ ಕಡೆಯ ಸಿಗಡಿಗೂ ಅದರ ದಕ್ಷಿಣದ ಸಿಗಡಿಗೂ ಸ್ಪಷ್ಟ ಗೆರೆ. ನೀರು ಮತ್ತೆ ತುಂಬಿ ಸಾವಿರಾರು ವರ್ಷ ಕಳೆದರೂ, ಬಲವಾದ ಪ್ರವಾಹಗಳು ಹರಿಯುತ್ತಿದ್ದರೂ ಆ ಗೆರೆ ಅಳಿಸಿಲ್ಲ. ಪನಾಮಾದಲ್ಲಿ ಭೂಮಿ ಸುಮಾರು 30 ಲಕ್ಷ ವರ್ಷಗಳ ಹಿಂದೆ ಎರಡು ಸಾಗರಗಳ ನಡುವೆ ಬಾಗಿಲು ಮುಚ್ಚಿದಾಗಲೂ ಹೀಗೇ ಆಯಿತು. ಆಚೆ ಈಚೆ ಉಳಿದ ಚಿಟಿಕೆ ಸಿಗಡಿಗಳನ್ನು ನ್ಯಾನ್ಸಿ ನೌಲ್ಟನ್ ಒಂದೇ ತೊಟ್ಟಿಗೆ ಬಿಟ್ಟರೆ ಅವು ಜೋಡಿಯಾಗುವ ಬದಲು ಹೆಚ್ಚಾಗಿ ಜಗಳಕ್ಕೆ ನಿಂತವು.

ಬಾಗಿಲು ತೆರೆದಿದ್ದೂ ಹೋಗದೆ ಉಳಿದವರ ಕತೆ ನಮ್ಮ ಸಮುದ್ರದಲ್ಲೇ ಇದೆ. ಜಗತ್ತಿನ ಬೇರೆ ಹಂಪ್‌ಬ್ಯಾಕ್ ತಿಮಿಂಗಿಲಗಳು ಮೇಯಲು ಧ್ರುವದತ್ತ, ಹೆರಲು ಬಿಸಿನೀರಿನತ್ತ ವರ್ಷವರ್ಷ ಹೋಗಿಬರುತ್ತವೆ. ಅರಬ್ಬೀ ಸಮುದ್ರದವು ಇಲ್ಲೇ ಇರುತ್ತವೆ. ಉತ್ತರಕ್ಕೆ ಏಷ್ಯಾದ ನೆಲ ಅಡ್ಡ. ಮುಂಗಾರು ಎಬ್ಬಿಸುವ ತಣ್ಣೀರಿನಿಂದ ಮೇವು ಇಲ್ಲೇ ಹೇರಳ. ಅವು ಸುಮಾರು 70,000 ವರ್ಷಗಳಿಂದ ಪ್ರತ್ಯೇಕವಾಗಿವೆ ಎಂದು 2014ರ ಡಿಎನ್‌ಎ ಅಧ್ಯಯನ ಅಂದಾಜು ಮಾಡಿತು. ಒಮಾನ್ ಬಳಿ ಎಣಿಸಿದಾಗ ನೂರೂ ದಾಟಲಿಲ್ಲ. 2017ರ ಕೊನೆಯಲ್ಲಿ ಒಮಾನಿನಲ್ಲಿ ಉಪಗ್ರಹ ಸಾಧನ ಕಟ್ಟಿದ ಲುಬಾನ್ ಎಂಬ ಹೆಣ್ಣು ಸಮುದ್ರ ದಾಟಿ ಭಾರತದ ಪಶ್ಚಿಮ ಕರಾವಳಿಗೆ ಬಂದು ದಕ್ಷಿಣಕ್ಕೆ ಇಳಿದಳು. ಇಂಥ ಜೀವಿಗೆ ಏನಾದರೂ ಆದರೆ ದಕ್ಷಿಣ ಸಾಗರದಿಂದ ಬೇರೆ ತಿಮಿಂಗಿಲ ಬಂದು ಜಾಗ ತುಂಬುತ್ತದೆ ಎಂದು ಕಾಯುವಂತಿಲ್ಲ.

ಕಡಲಾಮೆಯದು ಇದಕ್ಕೆ ಪೂರ್ತಿ ಬೇರೆ ರೀತಿ. ಹೆಣ್ಣು ಸಾವಿರಾರು ಕಿ.ಮೀ. ತಿರುಗಿ ಮೊಟ್ಟೆ ಇಡಲು ಹುಟ್ಟಿದ ಸೀಮೆಗೆ ಮರಳುತ್ತದೆ. ಹಾಗಾಗಿ ಬಳಿ ಒಂದೊಂದು ಕರಾವಳಿಗೆ ಒಂದೊಂದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಶಂಕರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರತದ ಪೂರ್ವ ಕರಾವಳಿಯ ಆಲಿವ್ ರಿಡ್ಲಿ ಆಮೆಗಳು ಬೇರೆ ಸಾಗರಗಳವಕ್ಕಿಂತ ಭಿನ್ನ, ಮತ್ತು ಅವೇ ಹಳೆಯ ಬೇರು ಎಂದು ಕಂಡಿತು. ಅಂಥ ಆಮೆಯೊಂದು ನಮಗೆ ಪಾಠ ಹೇಳಿದ್ದು ಈಚೆಗೆ. 2021ರಲ್ಲಿ ಒಡಿಶಾದಲ್ಲಿ ಬಿಲ್ಲೆ ಹಾಕಿದ್ದ ಹೆಣ್ಣಾಮೆ 2025ರ ಜನವರಿಯಲ್ಲಿ ರತ್ನಾಗಿರಿ ಜಿಲ್ಲೆಯ ಗುಹಾಗರದ ದಡಕ್ಕೆ ಬಂದು ಮೊಟ್ಟೆ ಇಟ್ಟಿತು. ಪೂರ್ವದವು ಪೂರ್ವದಲ್ಲೇ, ಪಶ್ಚಿಮದವು ಪಶ್ಚಿಮದಲ್ಲೇ ಎಂದುಕೊಂಡವರು ಮತ್ತೆ ಯೋಚಿಸಬೇಕಾಯಿತು. ಸೀವಾಲ್ ರೈಟ್ ಹೇಳಿದ ತಲೆಮಾರಿಗೊಂದು ಅತಿಥಿ ಹೀಗೇ ಇರುತ್ತದೆ.

ನೀರು ಬೆರೆತರೂ ಪರಿಸರ ಬೇರೆ ಮಾಡುವುದುಂಟು. ಬಾಲ್ಟಿಕ್ ಸಮುದ್ರದ ಹೆರಿಂಗ್ ಮೀನಿನ ಜೀನೋಮಿನ ಹೆಚ್ಚಿನ ಭಾಗ ಅಟ್ಲಾಂಟಿಕ್ ಹೆರಿಂಗಿನದರಂತೆಯೇ ಇದೆ. ಸಪ್ಪೆ ನೀರಿಗೆ, ಕೆಂಪು ಛಾಯೆಯ ಬೆಳಕಿಗೆ ಬೇಕಾದ ಕೆಲವು ಭಾಗಗಳು ಮಾತ್ರ ತೀರಾ ಭಿನ್ನ. ಬಂದ ಮರಿಗಳಲ್ಲಿ ಆ ನೀರಿಗೆ ಒಗ್ಗಿದವು ಉಳಿದವು, ಮಿಕ್ಕವು ಅಳಿದವು. ಅರಬ್ಬೀ ಸಮುದ್ರದ ಮೇಲ್ನೀರು ಬಂಗಾಳ ಕೊಲ್ಲಿಯದಕ್ಕಿಂತ ಎದ್ದುಕಾಣುವಷ್ಟು ಉಪ್ಪು. ನಮ್ಮ ಎರಡು ಕರಾವಳಿಗಳ ಮೀನುಗಳಲ್ಲೂ ಇಂಥದ್ದನ್ನು ಹುಡುಕಲು ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ ಎಂದು ನನ್ನ ಭಾವನೆ.

ಬಲೆ ಬೀಸುವವರಿಗೆ

ಮುಂಬೈ ನೀರಿನಲ್ಲಿ 1970ರ ದಶಕದ ಕೊನೆಯಿಂದ ಚಪ್ಪಟೆ ಮರಳು ಲಾಬ್‌ಸ್ಟರ್ ಟ್ರಾಲರ್ ಬಲೆಗಳಿಗೆ ಧಾರಾಳ ಬೀಳುತ್ತಿತ್ತು. ಮೊಟ್ಟೆ ಹೊತ್ತ ಹೆಣ್ಣುಗಳೂ ಬಿದ್ದವು. 1994ರ ಹೊತ್ತಿಗೆ ಆ ಮೀನುಗಾರಿಕೆ ಕುಸಿದುಹೋಯಿತು. ಯಾವ ಜೀವಿಯ ವಿಷಯದಲ್ಲೇ ಆಗಲಿ ಆಗ ಏಳುವ ಪ್ರಶ್ನೆ, ಮುಂದಿನ ಬಿತ್ತನೆ ಎಲ್ಲಿಂದ ಬರಬೇಕು ಎಂಬುದು. ಹೊರಗಿನಿಂದ ಮರಿ ತೇಲಿ ಬರುವ ಜೀವಿಯಾದರೆ ಕಾಯಬಹುದು. ತನ್ನ ನೀರಿನಲ್ಲೇ ಸುತ್ತುವ ಜೀವಿಯಾದರೆ ತಾಯಿಮೀನು ಹೋದಮೇಲೆ ಕಾದು ಫಲವಿಲ್ಲ. ತಲೆಮಾರಿಗೆ ಒಂದೆರಡು ಅತಿಥಿಗಳು ವಂಶವಾಹಿಯ ಅಂತರವನ್ನು ಅಳಿಸಬಲ್ಲವು, ಆದರೆ ಬರಿದಾದ ಬಲೆಯನ್ನು ತುಂಬಲಾರವು. ಅದಕ್ಕೆ ಲಕ್ಷಗಟ್ಟಲೆ ಮರಿ ಬೇಕು. ಡಿಎನ್‌ಎ ವರದಿಯಲ್ಲಿ ಎರಡು ಬಂದರುಗಳ ಮೀನು ಒಂದೇ ಎಂದು ಓದಿ, ಹಾಗಾದರೆ ಒಂದು ಕಡೆ ಎಷ್ಟು ಹಿಡಿದರೂ ಇನ್ನೊಂದು ಕಡೆಯಿಂದ ಬರುತ್ತದೆ ಎನ್ನುವವರು ಎಡವುವುದು ಇಲ್ಲಿ.

ಮಹಾರಾಷ್ಟ್ರ, ಗೋವಾ, ಕರ್ನಾಟಕಗಳಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಒಂದೇ ಹೊತ್ತಿನ 61 ದಿನಗಳ ರಜೆ ಇರುವುದು ಬಂಗುಡೆ ಬೂತಾಯಿಗಳಂಥ ಮೀನಿಗೆ ಸರಿಯಾದ ಲೆಕ್ಕ. ಮೊಟ್ಟೆ ಒಂದು ರಾಜ್ಯದಲ್ಲಿ, ಮರಿ ಬೆಳೆಯುವುದು ಇನ್ನೊಂದರಲ್ಲಿ ಆದಾಗ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಬೀಸಿದರೆ ಪ್ರಯೋಜನವಿಲ್ಲ. ಆದರೆ ಖಾರಿಯ ಏಡಿ, ಮರುವಾಯಿಗಳಿಗೆ ರಾಜ್ಯದ ನಿಯಮಕ್ಕಿಂತ ಆಯಾ ಅಳಿವೆಯ ನಿಯಮ ಬೇಕು: ಇಲ್ಲಿ ಯಾವ ತಿಂಗಳು ಮೊಟ್ಟೆ, ಎಷ್ಟು ದೊಡ್ಡದಾದ ಮೇಲೆ ಹಿಡಿಯಬಹುದು ಎಂಬುದು. ದಿವಾಳೆಯ ಹಿರಿಯರಿಗೂ ಗಂಗೊಳ್ಳಿಯ ಹಿರಿಯರಿಗೂ ಇದು ಬಾಯಿಪಾಠ. ಬೇರೆ ಸೀಮೆಯ ಮೊಟ್ಟೆಕೇಂದ್ರದಿಂದ ಮರಿ ತಂದು ಇಲ್ಲಿಯ ನೀರಿಗೆ ಬಿಡುವ ಮೊದಲೂ ಅವೆರಡರ ವಂಶ ಹೋಲಿಸಿ ನೋಡುವುದು ಅಗತ್ಯ. ಸಾವಿರಾರು ವರ್ಷದಲ್ಲಿ ಈ ಕೆಸರಿಗೆ ಒಗ್ಗಿಕೊಂಡದ್ದನ್ನು ಎರಡು ಹಂಗಾಮಿನಲ್ಲಿ ಕಲಬೆರಕೆ ಮಾಡಿಬಿಡಬಹುದು.

ಇನ್ನೊಂದು ಪ್ರವಾಹ ಮನುಷ್ಯ ಹರಿಸಿದ್ದು. ಬೇಲಾಪುರದಿಂದ ಸ್ವಲ್ಪ ದೂರದ ನ್ಹಾವಾ ಶೇವಾ ಬಂದರು 1989ರಿಂದ ನಡೆಯುತ್ತಿದೆ. ಹಡಗುಗಳು ಸರಕು ಇಲ್ಲದಾಗ ತೂಕಕ್ಕೆಂದು ಒಂದು ಬಂದರಿನ ನೀರು ತುಂಬಿಕೊಂಡು ಇನ್ನೊಂದರಲ್ಲಿ ಚೆಲ್ಲುತ್ತವೆ, ಲಾರ್ವಾಗಳೂ ಅದರೊಳಗಿರುತ್ತವೆ. ಹಡಗಿನ ತಳಕ್ಕೆ ಕಚ್ಚಿಕೊಂಡು ಬರುವವು ಬೇರೆ. ಕೆರಿಬಿಯನ್ ಕಡೆಯ ಸಣ್ಣ ಚಿಪ್ಪುಜೀವಿಯೊಂದು 1960ರ ದಶಕದಲ್ಲಿ ವಿಶಾಖಪಟ್ಟಣದಲ್ಲಿ, ಆಮೇಲೆ ಮುಂಬೈಯ ಹಡಗುಕಟ್ಟೆಗಳಲ್ಲಿ ರಾಶಿರಾಶಿಯಾಗಿ ಅಂಟಿಕೊಂಡದ್ದು ಹಡಗುಗಳ ಮೂಲಕವೇ. ಅಷ್ಟು ದೂರ ಯಾವ ಪ್ರವಾಹವೂ ಅದನ್ನು ತರುತ್ತಿರಲಿಲ್ಲ, ಎಷ್ಟು ದಿನ ತೇಲಿದರೂ ಮುಟ್ಟುತ್ತಿರಲಿಲ್ಲ. ಈ ನೀರನ್ನು ಶುದ್ಧಗೊಳಿಸಿಯೇ ಬಿಡಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬಂದದ್ದು 2017ರ ಸೆಪ್ಟೆಂಬರ್ 8ರಂದು. ಅದಕ್ಕೆ ಮುಂಚೆ ಬಂದಿಳಿದವು ಈಗಾಗಲೇ ನಮ್ಮ ಖಾರಿಗಳ ಕಂಬಗಳಲ್ಲಿ ಸಂಸಾರ ಹೂಡಿವೆ.